ಚಿಕ್ಕನಂಜಮ್ಮನ ತಲೆನೋವಿನ ಪುಸ್ತಕ

ದುದ್ದದಲ್ಲಿ ಚಿಕ್ಕನಂಜಮ್ಮನ ಸಿಟ್ಟು ಗೊತ್ತಿಲ್ಲದವರಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕುವಾಗ ಯಾರಾದರೂ ಸಾಲು ತಪ್ಪಿಸಿ ಮುಂದೆ ನುಗ್ಗಿದರೆ, ಅವರ ಕ್ಯಾನನ್ನು ಎತ್ತಿ ಸಾಲಿನ ಕೊನೆಗೆ ಇಟ್ಟು ಬರುವವಳು ಅವಳು. ಬಸ್ಸಿನಲ್ಲಿ ಕಂಡಕ್ಟರು ಬಾ ಹೋಗು ಅಂದರೆ ಅವಳು ಇಳಿಯುವ ತನಕ ಅವನಿಗೆ ನೆಮ್ಮದಿ ಇರುವುದಿಲ್ಲ. ಅರವತ್ತನಾಲ್ಕು ವರ್ಷ, ಒಣಗಿದ ಮೈ, ಎರಡು ಎಮ್ಮೆಗಳ ಕೆಲಸವನ್ನು ಈಗಲೂ ಒಬ್ಬಳೇ ಮಾಡುತ್ತಾಳೆ. ಕಣ್ಣುಗಳ ಪಕ್ಕದಲ್ಲಿ, ಎರಡೂ ಕಣತಲೆಯ ಮೇಲೆ ಹುಣಸೆ ಬೀಜದಷ್ಟಗಲದ ಸುಟ್ಟ ಕಲೆ. ಊರಿನವರಿಗೆ ಆ ಕಲೆ ನೋಡಿ ನೋಡಿ ಅಭ್ಯಾಸವಾಗಿತ್ತು, ಯಾರೂ ಕೇಳುತ್ತಿರಲಿಲ್ಲ.

ಆದರೆ ಹೋದ ವರ್ಷ ಆಷಾಢದಲ್ಲಿ ಶುರುವಾದ ಸಿಟ್ಟು ಬೇರೆ. ಅದು ಬೈದು ಮುಗಿಸಿದರೆ ಆರುವ ಸಿಟ್ಟಾಗಿರಲಿಲ್ಲ.

ಅವತ್ತು ಸೋಮವಾರ. ಮೊಮ್ಮಗಳು ದೀಪಿಕ ಕಾಲೇಜಿಗೆ ಹೋಗದೆ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಹದಿನಾರು ವರ್ಷದ ಹುಡುಗಿ, ಮಂಡ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಮೊದಲ ಪಿಯುಸಿ ಸೈನ್ಸ್. ಕಿಟಕಿಗೆ ಕಂಬಳಿ ಕಟ್ಟಿಕೊಂಡು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಪಕ್ಕದಲ್ಲಿ ವಾಂತಿಗೆ ಒಂದು ಬಕೆಟ್ಟು ಇಟ್ಟುಕೊಂಡಿದ್ದಳು. ಅವಳ ಅಪ್ಪ ಲಿಂಗರಾಜು ಮದ್ದೂರಿನ ಕಡೆ ಕರೆಂಟಿನ ಲೈನ್‌ಮನ್. ಡ್ಯೂಟಿಗೆ ಹೊರಟವನು ಬೂಟು ಹಾಕಿಕೊಳ್ಳುತ್ತಾ ನಡುಮನೆಯಿಂದಲೇ ಕೂಗಿದ:

"ಟೆಸ್ಟ್ ಇದ್ದ ದಿನ್ವೇ ಬತ್ತದಲ್ಲ ಈ ತಲ್ನೋವು? ರಜಾ ದಿನ ಯಾಕ್ ಬರಾಕಿಲ್ಲ? ಎಲ್ಲಾ ನೆಪ. ಆ ಮೊಬೈಲ್ ಬುಡು, ತಂತಾನೇ ವಾಸಿಯಾಯ್ತದೆ."

ಸೊಸೆ ಪುಷ್ಪಾ ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದವಳು ತಲೆ ಎತ್ತಲಿಲ್ಲ. ಚಿಕ್ಕನಂಜಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನೆಪ ಎನ್ನುವ ಮಾತು ಕಿವಿಗೆ ಬಿದ್ದದ್ದೇ, ಮಡಿಲಲ್ಲಿದ್ದ ಮೊರವನ್ನು ಅಂಗಳಕ್ಕೆ ಬೀಸಿ ಎಸೆದಳು. ಅಲಸಂದೆಕಾಯಿ ಎಮ್ಮೆಯ ಕಾಲಬುಡದ ತನಕ ಚೆಲ್ಲಾಡಿತು.

"ಲೋ ಲಿಂಗರಾಜ, ಇನ್ನೊಂದ್ ಸಲ ಆ ಮಾತು ಬಾಯಿಂದ ಬಂತೋ, ನೋಡು ಮತ್ತೆ!"

"ನಾನೇನಂದೆ ಅಂತ ಈಗ..."

"ಒಂಟೋಗು ನೀನು. ನಾಳೆ ಇವಳ್ನ ಆಸ್ಪತ್ರೆಗೆ ನಾನೇ ಕರ್ಕೊಂಡೋಯ್ತೀನಿ."

ಅಷ್ಟು ಸಿಟ್ಟು ಯಾಕೆ ಬಂತೆಂದು ಅವನಿಗೆ ಅರ್ಥವಾಗಲಿಲ್ಲ. ಅವಳಿಗೂ ಅವತ್ತು ಪೂರ್ತಿ ಅರ್ಥವಾಗಿರಲಿಲ್ಲ.

ಮಾರನೆಯ ದಿನ ಅಜ್ಜಿ, ಪುಷ್ಪಾ, ದೀಪಿಕ ಮೂವರೂ ಮಂಡ್ಯದ ಆಸ್ಪತ್ರೆಗೆ ಹೋದರು. ಚೀಟಿ ಮಾಡಿಸಿ ಎರಡು ಗಂಟೆ ಬೆಂಚಿನ ಮೇಲೆ ಕಾದ ಮೇಲೆ ಸರದಿ ಬಂತು. ಡಾಕ್ಟ್ರಮ್ಮ ಮೂವತ್ತೈದರ ಆಸುಪಾಸಿನವರು. ಹುಡುಗಿಯ ಕಣ್ಣು ನೋಡಿದರು, ಕತ್ತು ಬಗ್ಗಿಸಿ ನೋಡಿದರು, ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು, ನೆಟ್ಟಗೆ ನಡೆಸಿ ನೋಡಿದರು. ಆಮೇಲೆ ಪ್ರಶ್ನೆ ಶುರುಮಾಡಿದರು. ತಿಂಗಳಿಗೆ ಎಷ್ಟು ಸಲ ಬರುತ್ತದೆ, ಯಾವ ಕಡೆ, ಎಷ್ಟು ಹೊತ್ತು ಇರುತ್ತದೆ, ಬೆಳಕು ನೋಡಿದರೆ ಜಾಸ್ತಿಯಾಗುತ್ತದಾ, ಮುಟ್ಟಿನ ದಿನಗಳಲ್ಲಿ ಹೇಗೆ. ದೀಪಿಕ ಒಂದಕ್ಕೂ ಸರಿಯಾಗಿ ಹೇಳಲಾರದೆ ಹೋದಳು. "ಆಗಾಗ ಬರುತ್ತೆ ಮೇಡಂ," ಅಂದಳು ಅಷ್ಟೆ.

"ನೋಡಮ್ಮ, ಆಗಾಗ ಅಂದ್ರೆ ನನಗೆ ಗೊತ್ತಾಗಲ್ಲ. ನೀನು ಒಂದು ಡೈರಿ ಇಡು," ಅಂದರು ಡಾಕ್ಟ್ರಮ್ಮ.

ಚಿಕ್ಕನಂಜಮ್ಮನಿಗೆ ಡೈರಿ ಅಂದರೆ ಹಾಲಿನದು ಮಾತ್ರ. "ಡೈರಿ ಊರಲ್ಲೇ ಅದೆ ಕಣವ್ವ, ಅದ್ಕೂ ತಲ್ನೋವ್ಗೂ ಏನು?" ಅಂದಳು. ಡಾಕ್ಟ್ರಮ್ಮ ನಕ್ಕು, ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ತಾರೀಕು. ಶುರುವಾದ ಹೊತ್ತು, ನಿಂತ ಹೊತ್ತು. ನೋವು ಹತ್ತಕ್ಕೆ ಎಷ್ಟು. ಎಡವೋ ಬಲವೋ. ವಾಂತಿ. ಹಿಂದಿನ ರಾತ್ರಿ ಎಷ್ಟು ನಿದ್ದೆ. ಬೆಳಿಗ್ಗೆ ಏನು ತಿಂದಳು, ಎಷ್ಟು ನೀರು ಕುಡಿದಳು. ಮುಟ್ಟು. ನುಂಗಿದ ಮಾತ್ರೆ. ಕ್ಲಾಸು ತಪ್ಪಿತೋ ಇಲ್ಲವೋ. "ಮೂರು ತಿಂಗಳು ಬರೀಬೇಕು. ನೀನೇ ಬರಿ. ನೋವಲ್ಲಿ ಕೈ ಓಡದಿದ್ದರೆ ಮನೆಯವರು ಗುರುತು ಹಾಕಿಡಿ. ಆಮೇಲೆ ಅಂದಾಜಿನ ಮೇಲೆ ಬರೀಬಾರದು."

ಬರೆಯುತ್ತಲೇ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ?"

"ಯಾರಿಗೂ ಇಲ್ಲ ಮೇಡಂ," ಅಂದಳು ಪುಷ್ಪಾ.

ಡಾಕ್ಟ್ರಮ್ಮ ತಲೆ ಎತ್ತಿ ಮುದುಕಿಯ ಮುಖ ನೋಡಿದರು. ಎದ್ದು ಬಂದು, ಅವಳ ಸೆರಗನ್ನು ಬೆರಳಿನಿಂದ ಸ್ವಲ್ಪ ಸರಿಸಿ, ಕಣತಲೆಯ ಕಲೆಯನ್ನು ನೋಡಿದರು. "ಅಜ್ಜಿ, ಈ ಬರೆ ಯಾವಾಗ ಹಾಕಿದ್ದು?"

"ಅದಾ, ಅದು ಅದಿಮೂರು ವರ್ಸದಲ್ಲಿ."

"ಯಾಕೆ ಹಾಕಿದ್ರು?"

ಚಿಕ್ಕನಂಜಮ್ಮ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಹೇಳಿದಳು. ಅರ್ಧ ತಲೆ ಸಿಡಿಯುತ್ತಿತ್ತು, ಬೆಳಕು ಕಂಡರೆ ಆಗುತ್ತಿರಲಿಲ್ಲ, ಹಿಟ್ಟಿನ ವಾಸನೆಗೇ ವಾಂತಿಯಾಗುತ್ತಿತ್ತು, ಒಂದು ದಿನ ಪೂರಾ ಇದ್ದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ದೀಪಿಕ ಬಾಯಿ ಬಿಟ್ಟುಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿ ಹೇಳುತ್ತಿದ್ದದ್ದೆಲ್ಲ ಅವಳದೇ ಸಂಗತಿ.

"ಇದಕ್ಕೆ ಮೈಗ್ರೇನ್ ಅಂತಾರೆ ಅಜ್ಜಿ. ನಿಮ್ಮ ಮೊಮ್ಮಗಳಿಗೂ ಅದೇ ಇರಬೇಕು, ಡೈರಿ ನೋಡಿ ಖಾತ್ರಿ ಮಾಡ್ತೀನಿ. ಇದು ಮನೆತನದಲ್ಲಿ ಬರೋದು. ಕಾಯಿಲೆ ಇದು. ನೆಪ ಅಲ್ಲ, ಗಾಳಿ ಸೋಂಕಲ್ಲ, ಹುಚ್ಚೂ ಅಲ್ಲ."

ಮೈಗ್ರೇನ್. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಚಿಕ್ಕನಂಜಮ್ಮ ಆ ಹೆಸರನ್ನು ಒಂದೆರಡು ಸಲ ಬಾಯೊಳಗೇ ಹೇಳಿ ನೋಡಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು ದುದ್ದ ಬರುವ ತನಕ ಹೊರಗೇ ನೋಡುತ್ತಿದ್ದಳು. ಅತ್ತೆಗೆ ನೆಮ್ಮದಿಯಾಗಿದೆ ಅಂದುಕೊಂಡಳು ಪುಷ್ಪಾ. ಆದರೆ ಚಿಕ್ಕನಂಜಮ್ಮ ಹಳೆಯದನ್ನೆಲ್ಲ ಒಂದೊಂದಾಗಿ ಎಣಿಸುತ್ತಿದ್ದಳು.

ಅವಳು ಹುಟ್ಟಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಏಳನೇ ಕ್ಲಾಸಿನ ತನಕ ಓದಿದ್ದಳು, ಲೆಕ್ಕದಲ್ಲಿ ಮುಂದು. ದೊಡ್ಡವಳಾದ ವರ್ಷವೇ ತಲೆನೋವು ಶುರುವಾಯಿತು. ಮೊದಲು ದೃಷ್ಟಿ ತೆಗೆದರು, ಆಮೇಲೆ ಗಾಳಿ ಅಂದರು, ಕೊನೆಗೆ ಪಕ್ಕದೂರಿನಿಂದ ಒಬ್ಬನನ್ನು ಕರೆಸಿದರು. ಅವ್ವ ಕೈ ಹಿಡಿದುಕೊಂಡಳು. ಅವನು ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಒಂದು ಕಡೆ ಒತ್ತಿದ, ಆಮೇಲೆ ಇನ್ನೊಂದು ಕಡೆ. "ಈಗ ಎಂಗದೆ?" ಅಂದ. ಮೂರನೆಯದು ಬೀಳುತ್ತದೆಂಬ ಹೆದರಿಕೆಗೆ ಹುಡುಗಿ "ಓಯ್ತು, ಪೂರಾ ಓಯ್ತು," ಅಂದಳು. ಎಲ್ಲರಿಗೂ ಸಮಾಧಾನವಾಯಿತು. ಮುಂದಿನ ವಾರ ಮತ್ತೆ ನೋವು ಬಂದಾಗ ಅವಳು ಯಾರಿಗೂ ಹೇಳದೆ ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂತಳು. ಓದಿ ಓದಿ ತಲೆ ಕೆಟ್ಟಿದೆ ಎಂದು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಒಂದು ತಿಂಗಳಿರುವಾಗ ಸ್ಕೂಲು ಬಿಡಿಸಿದರು.

ಹದಿನೇಳಕ್ಕೆ ದುದ್ದದ ಮರಿಸಿದ್ದಯ್ಯನಿಗೆ ಕೊಟ್ಟರು. ಅತ್ತೆ ಪಟ್ಟಲಮ್ಮ ಗಟ್ಟಿ ಹೆಂಗಸು. ಕಬ್ಬು ಕಡಿಯುವ ಆಳುಗಳಿಗೆ ಬೆಳಿಗ್ಗೆ ಮುದ್ದೆಯ ಹಿಟ್ಟು ತೊಳಸುವ ಹೊತ್ತಿಗೆ ಸೊಸೆ ತಲೆ ಹಿಡಿದುಕೊಂಡು ಕೂತರೆ, "ಕ್ಯಾಮೆ ಕಂಡ್ರೆ ತಲ್ನೋವು ಇವ್ಳಿಗೆ. ನೆಪ!" ಅನ್ನುತ್ತಿದ್ದಳು. ಆ ಒಂದು ಮಾತನ್ನು ಚಿಕ್ಕನಂಜಮ್ಮ ಎಷ್ಟು ಸಲ ಕೇಳಿದ್ದಾಳೋ. ಒಲೆಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ಇಪ್ಪತ್ತು ಆಳಿಗೆ ಮುದ್ದೆ ಕಟ್ಟಿದ್ದಾಳೆ, ನಡುನಡುವೆ ಎದ್ದುಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಬಂದಿದ್ದಾಳೆ.

ಹತ್ತೊಂಬತ್ತಕ್ಕೆ ಲಿಂಗರಾಜು ಹುಟ್ಟಿದ. ಹೆರಿಗೆಯಾದ ಮೇಲೆ ನೋವು ವಾರಕ್ಕೆ ಎರಡು ಸಲ ಬರತೊಡಗಿತು. ಮಗುವಿಗೆ ಹತ್ತು ತಿಂಗಳಿದ್ದಾಗ ಒಂದು ಮಧ್ಯಾಹ್ನ ಅವಳು ಕತ್ತಲಕೋಣೆಯಲ್ಲಿ ಬಿದ್ದಿದ್ದಳು. ಮಗು ಅಳುತ್ತಿತ್ತು. ಏಳಬೇಕೆಂದರೂ ಏಳಲಾಗಲಿಲ್ಲ. ಪಟ್ಟಲಮ್ಮ ಬಂದು ಮಗುವನ್ನು ಎತ್ತಿಕೊಂಡಳು, "ಮಗೀನ ಸಾಯಿಸ್ತಾಳೆ ಈ ಉಚ್ಚಿ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಎರಡು ದಿನದಲ್ಲಿ ಚಿಕ್ಕನಂಜಮ್ಮನನ್ನು ತವರಿಗೆ ಕಳಿಸಿದರು. ಮಗುವನ್ನು ಕೊಡಲಿಲ್ಲ. ಮರಿಸಿದ್ದಯ್ಯ ಎತ್ತಿನ ಗಾಡಿಯಲ್ಲಿ ಬಸ್ಸಿನ ತನಕ ಬಿಟ್ಟು ಬಂದ.

ಎರಡು ವರ್ಷ ಅವಳು ತವರಿನಲ್ಲಿ ಹುಚ್ಚಿ ಅನ್ನಿಸಿಕೊಂಡು ಇದ್ದಳು. ಗಂಡ ಒಂದು ಹಬ್ಬಕ್ಕೂ ಬರಲಿಲ್ಲ. ಆಮೇಲೆ ಪಟ್ಟಲಮ್ಮ ಹಟ್ಟಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಯಿತು. ಆಗ ಮರಿಸಿದ್ದಯ್ಯ ಬಂದು ಕರೆದುಕೊಂಡು ಹೋದ. ಬಾಗಿಲಲ್ಲಿ ನಿಂತಿದ್ದ ಮಗ ಅವಳನ್ನು ಕಂಡು ಒಳಗೆ ಓಡಿಹೋದ. ಗಂಡನ ತಮ್ಮಂದಿರು ಅವಳನ್ನು ಅತ್ತಿಗೆ ಅನ್ನುತ್ತಿದ್ದರು, ಅದನ್ನೇ ಕೇಳಿ ಮಗನೂ ಅತ್ತಿಗೆ ಅಂದ. ಏಳು ವರ್ಷ ತುಂಬುವ ತನಕ ಹೆತ್ತ ಮಗನ ಬಾಯಲ್ಲಿ ಅವಳು ಅತ್ತಿಗೆ. ಅವನು ಅವ್ವ ಅನ್ನುತ್ತಿದ್ದದ್ದು ಪಟ್ಟಲಮ್ಮನನ್ನು. ನಿನ್ನ ಹೆತ್ತವಳು ನಿನ್ನ ಬಿಟ್ಟು ತವರಿಗೆ ಹೋಗಿದ್ದಳು ಎಂದೇ ಅವನಿಗೆ ಹೇಳಿ ಬೆಳೆಸಿದ್ದರು. ಆ ಮಾತನ್ನು ತಿದ್ದುವ ಧೈರ್ಯ ಅವಳಿಗೆ ಆಗ ಇರಲಿಲ್ಲ. ನನಗೆ ತಲೆ ಕೆಟ್ಟಿರುವುದು ನಿಜ ಎಂದು ಅವಳೂ ಅರ್ಧ ನಂಬಿದ್ದಳು.

ಮುಟ್ಟು ನಿಂತ ಮೇಲೆ, ಐವತ್ತರ ಸುಮಾರಿಗೆ, ನೋವು ತಾನಾಗಿ ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಬಂದಾಗ ಲೆಕ್ಕ ಇಟ್ಟವರಿರಲಿಲ್ಲವಲ್ಲ, ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಮರಿಸಿದ್ದಯ್ಯ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಎಪ್ಪತ್ತೆರಡಾಗಿತ್ತು ಅವನಿಗೆ. ಚಿಕ್ಕನಂಜಮ್ಮ ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ನಿಂತಳು.

"ನಂಗಿದ್ದದ್ದು ಕಾಯ್ಲೆ ಅಂತೆ. ಉಚ್ಚಲ್ಲವಂತೆ. ಡಾಕ್ಟ್ರಮ್ಮ ಯೋಳುದ್ರು."

ಅವನು ಸುಣ್ಣದ ಡಬ್ಬಿ ಮುಚ್ಚಿದ. "ಆಗ ನಮ್ಗೇನ್ ಗೊತ್ತಿತ್ತಮ್ಮಿ? ಓದಿರೋರಾ ನಾವು?"

"ಗೊತ್ತಿಲ್ದಿದ್ದೋರು ಸುಮ್ಕಿರ್ಬೇಕಿತ್ತು. ಉಚ್ಚಿ ಅಂತ ಗೊತ್ತಿತ್ತಾ ನಿಂಗೆ? ಮಗೀನ ಕಿತ್ಕೊಳಾಕೆ ಗೊತ್ತಿತ್ತಾ?"

ಮದುವೆಯಾಗಿ ನಲವತ್ತೇಳು ವರ್ಷದಲ್ಲಿ ಅವಳು ಗಂಡನನ್ನು ನೀನು ಅಂದದ್ದು ಅದೇ ಮೊದಲು. ಅವನು ಅತ್ತಿತ್ತ ನೋಡಿದ. "ಅವ್ವ ಏಳ್ದಂಗೆ ಕೇಳ್ದೆ. ಸತ್ತೋಗವ್ಳೆ ಅವ್ಳು. ಈಗ್ಯಾಕೆ ಅದ್ನೆಲ್ಲಾ ಕೆದಕ್ತೀಯೆ?"

"ನಾನ್ ಸತ್ತಿಲ್ವಲ್ಲ," ಅಂದು ಅವಳು ಒಳಗೆ ಹೋದಳು. ಅವತ್ತಿನಿಂದ ಅವನ ತಟ್ಟೆಗೆ ಪುಷ್ಪಾಳೇ ಬಡಿಸಬೇಕಾಯಿತು.

ದೀಪಿಕ ಒಂದು ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿ ಬರೆಯತೊಡಗಿದಳು. ಮನೆಯಲ್ಲಿ ಅದಕ್ಕೆ ತಲೆನೋವಿನ ಪುಸ್ತಕ ಎಂದೇ ಹೆಸರಾಯಿತು. ನೋವು ಜೋರಾಗಿ ಪೆನ್ನು ಹಿಡಿಯಲಾಗದ ದಿನ ಅಜ್ಜಿ ಬರೆಯುತ್ತಿದ್ದಳು. ಐವತ್ತು ವರ್ಷ ಪೆನ್ನು ಹಿಡಿಯದ ಕೈ. ಗಡಿಯಾರ ನೋಡುವಳು, ಕೋಣೆಗೆ ಹೋಗಿ ಮೆತ್ತಗೆ ಕೇಳುವಳು, "ಅತ್ತಕ್ಕೆ ಎಷ್ಟವ್ವಾ?" ಹುಡುಗಿ ಬೆರಳು ತೋರಿಸುವಳು. ಅಜ್ಜಿ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುವಳು: 'ಬೆಳಿಗ್ಗೆ ಒಂಬತ್ತೂಕಾಲು. ಬಲಗಡೆ. ಎಂಟು. ವಾಂತಿ ಎರಡು ಸಲ. ಏನೂ ತಿಂದಿಲ್ಲ. ಕಾಲೇಜು ತಪ್ಪಿತು.' ಡಾಕ್ಟ್ರಮ್ಮ ಹೇಳದ ಒಂದು ಸಾಲನ್ನೂ ಸೇರಿಸುತ್ತಿದ್ದಳು: 'ಅವರಪ್ಪ ಬೈದ.' ಬೈಯದ ದಿನ ಆ ಜಾಗದಲ್ಲಿ ಒಂದು ಅಡ್ಡಗೆರೆ.

ಎರಡು ತಿಂಗಳಲ್ಲಿ ಪುಸ್ತಕವೇ ಮಾತಾಡತೊಡಗಿತು. ಹದಿನೆಂಟು ಸಲ ನೋವು ಬಂದಿತ್ತು. ಟೆಸ್ಟಿನ ದಿನ ಬಂದದ್ದು ಬರೀ ಮೂರು. ಭಾನುವಾರ ನಾಲ್ಕು ಸಲ ಬಂದಿತ್ತು. ಹೆಚ್ಚಿನವು ಮುಟ್ಟಿಗೆ ಮುಂಚಿನ ಎರಡು ದಿನ, ಇಲ್ಲವೇ ಬೆಳಿಗ್ಗೆ ಆರೂವರೆ ಬಸ್ಸಿಗೆ ಸ್ಪೆಷಲ್ ಕ್ಲಾಸಿಗೆಂದು ಬರೀ ಹೊಟ್ಟೆಯಲ್ಲಿ ಓಡಿದ ದಿನ. ನೀರಿನ ಸಾಲಿನಲ್ಲಿ ಕಾಲೇಜಿದ್ದ ದಿನವೆಲ್ಲ ಒಂದೇ ಲೋಟ. "ಯಾಕವ್ವ?" ಎಂದು ಅಜ್ಜಿ ಕೇಳಿದ್ದಕ್ಕೆ, "ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಲ್ಲ ಅಜ್ಜಿ. ಅಲ್ಲಿಗೆ ಕಾಲಿಡಕ್ಕಾಗಲ್ಲ," ಅಂದಳು ದೀಪಿಕ.

ಒಂದು ಸಂಜೆ ಚಿಕ್ಕನಂಜಮ್ಮ ಪುಸ್ತಕವನ್ನು ಲಿಂಗರಾಜುವಿನ ಮುಂದೆ ಇಟ್ಟಳು. "ಟೆಸ್ಟ್ ದಿನ್ವೇ ಬತ್ತದೆ ಅಂದಲ್ಲ, ಎಣ್ಸು."

ಅವನು ಪುಟ ತಿರುಗಿಸಿದ. ತನ್ನ ಬೈಗುಳದ ಸಾಲನ್ನು ಕಂಡು ಮುಖ ಕೆಂಪಾಯಿತು. "ಏನವ್ವ ಇದು? ಡಾಕ್ಟ್ರ್ ಮುಂದೆ ನನ್ ಮಾನ ಕಳಿಯಾಕಾ? ಎಲ್ಲಾ ನೀವೇ ಬರ್ಕೊಂಡಿರೋದು, ಇದ್ನೆಂಗೆ ನಂಬೋದು?" ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋದ. ಆದರೆ ಆಮೇಲೆ ಹತ್ತು ದಿನ ಆ ಸಾಲಿನಲ್ಲಿ ಅಡ್ಡಗೆರೆಯೇ ಬಿತ್ತು.

ಮೂರನೇ ತಿಂಗಳ ಮೊದಲ ವಾರ ಕಾಲೇಜಿನಲ್ಲಿ ಅದು ನಡೆದದ್ದು.

ಫಿಸಿಕ್ಸ್ ಕ್ಲಾಸಿನಲ್ಲಿ ದೀಪಿಕಳಿಗೆ ನೋವು ಶುರುವಾಯಿತು. ಹೊತ್ತು ಮರೆಯಬಾರದೆಂದು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದಳು. ಲೆಕ್ಚರರು ಕಂಡು ಬಂದರು, ಕೈಯಿಂದ ಕಿತ್ತುಕೊಂಡರು. ಲವ್ ಲೆಟರು ಅಂದುಕೊಂಡರೋ ಏನೋ. ತೆರೆದು ನೋಡಿ, ಅರವತ್ತು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದರು: "ಬಲಗಡೆ. ಏಳು. ವಾಂತಿ ಒಂದು ಸಲ. ಮುಟ್ಟಿನ ಎರಡನೇ ದಿನ." ಹುಡುಗರು ಹೋ ಎಂದು ನಕ್ಕರು. ಲೆಕ್ಚರರಿಗೂ ಅದು ಓದಬಾರದ ಸಾಲು ಎಂದು ಆಗ ಹೊಳೆದಿರಬೇಕು, ಆದರೆ ನಿಲ್ಲಿಸುವ ಬದಲು, "ರೆಕಾರ್ಡ್ ಬರೆಯೋಕೆ ಟೈಮಿಲ್ಲ, ಇದಕ್ಕೆ ಟೈಮಿದೆ," ಅಂದು ಪುಸ್ತಕವನ್ನು ಬೆಂಚಿನ ಮೇಲೆ ಎಸೆದರು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಸರು 'ಎರಡನೇ ದಿನ' ಎಂದಾಗಿತ್ತು.

ಮನೆಗೆ ಬಂದ ಹುಡುಗಿ ನೆಟ್ಟಗೆ ಹಿತ್ತಲಿಗೆ ಹೋಗಿ, ನೀರೊಲೆಯ ಮುಂದೆ ಕೂತು, ಪುಸ್ತಕದ ಹಾಳೆ ಹರಿಯತೊಡಗಿದಳು. ಚಿಕ್ಕನಂಜಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಓಡಿಬಂದು ಕೈ ಹಿಡಿದಳು. ಅಷ್ಟು ಹೊತ್ತಿಗೆ ಒಂದು ತಿಂಗಳ ಹಾಳೆಗಳು ಒಲೆಗೆ ಹೋಗಿದ್ದವು. ಏನಾಯಿತೆಂದು ಬಿಡಿಸಿ ಬಿಡಿಸಿ ಕೇಳಿದ ಮೇಲೆ ದೀಪಿಕ ಹೇಳಿದಳು. ಹೇಳಿ, "ನಾನ್ ಇನ್ ಮೇಲೆ ಬರಿಯಲ್ಲ ಅಜ್ಜಿ. ಕಾಲೇಜಿಗೂ ಹೋಗಲ್ಲ," ಎಂದಳು.

ಮುದುಕಿ ಉಳಿದ ಹಾಳೆಗಳನ್ನು ಮಡಿಲಿಗೆ ಹಾಕಿಕೊಂಡಳು. "ನೀ ಓಗ್ಬ್ಯಾಡ," ಅಂದಳು. "ನಾನ್ ಓಯ್ತೀನಿ."

ಮಾರನೆಯ ದಿನ ಆರೂವರೆ ಬಸ್ಸಿಗೆ ಅವಳೇ ಹತ್ತಿದಳು. ಕಾಲೇಜಿನ ಗೇಟಿನಲ್ಲಿ ತಡೆದವನನ್ನು ಪಕ್ಕಕ್ಕೆ ಸರಿಸಿ, ಪ್ರಿನ್ಸಿಪಾಲರ ಕೋಣೆ ಯಾವುದೆಂದು ಕೇಳಿ, ನೆಟ್ಟಗೆ ಒಳಗೆ ಹೋದಳು. ಪ್ರಿನ್ಸಿಪಾಲರು ಫೋನಿನಲ್ಲಿದ್ದರು.

"ಫೋನ್ ಮಡುಗಿ ಸಾ. ಮಾತಾಡ್ಬೇಕು."

"ಯಾರಮ್ಮ ನೀವು? ಹೊರಗೆ ಕೂತ್ಕೊಳ್ಳಿ, ಕರೀತಾರೆ."

"ಒರಗೆ ಕೂತ್ಕೊಂಡು ಕೂತ್ಕೊಂಡೇ ಅರ್ವತ್ತು ವರ್ಸ ಆಯ್ತು ನಂಗೆ. ನಿಮ್ ಫಿಸಿಕ್ಸ್ ಮೇಷ್ಟ್ರನ್ನ ಕರ್ಸಿ."

ಫಿಸಿಕ್ಸ್ ಲೆಕ್ಚರರು ಬಂದರು. ಮೂವತ್ತರ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಚಿಕ್ಕನಂಜಮ್ಮ ಹರಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಓದಿ ಸಾ. ನೆನ್ನೆ ಓದುದ್ರಲ್ಲ, ಅಂಗೇ ಗಟ್ಯಾಗಿ ಓದಿ, ನಾನೂ ಕೇಳುಸ್ಕೋತೀನಿ."

"ಅಜ್ಜಿ, ಕ್ಲಾಸಲ್ಲಿ ಬೇರೆ ಏನೋ ಬರೀತಿದ್ಲು. ನನಗೇನು ಗೊತ್ತು ಅದು ಏನು ಅಂತ?"

"ಒಂದ್ ಸಾಲು ಓದುದ್ ಮ್ಯಾಲೆ ಗೊತ್ತಾಗ್ಲಿಲ್ವಾ? ಎಲ್ಡನೇ ಸಾಲು ಯಾಕ್ ಓದುದ್ರಿ? ನಿಮ್ಮನೇಲಿ ಎಣ್ಮಕ್ಳಿಲ್ವಾ? ಅವ್ರಿಗೆ ಮುಟ್ಟಾಗಕಿಲ್ವಾ? ಅವ್ರದ್ನೂ ಅರ್ವತ್ತು ಉಡುಗ್ರ ಮುಂದೆ ಓದ್ತೀರಾ?"

ಲೆಕ್ಚರರ ಮುಖ ಬಿಳಿಚಿತು. ಪ್ರಿನ್ಸಿಪಾಲರು ನಡುವೆ ಬಂದರು. "ಅಮ್ಮ, ದನಿ ಕಡಿಮೆ ಮಾಡಿ. ಕ್ಲಾಸ್ ನಡೀತಿದೆ."

"ಕೇಳಿಸ್ಲಿ! ನೆನ್ನೆ ನಮ್ ಮಗೀದು ಕೇಳಿಸ್ತಲ್ಲ, ಇವತ್ತು ನಂದೂ ಕೇಳಿಸ್ಲಿ. ಇದು ಡಾಕ್ಟ್ರಮ್ಮ ಬರಿಯಾಕೇಳಿರೋದು. ಇದ್ರಲ್ಲಿ ಇನ್ನೊಂದ್ ಅದೆ ನೋಡಿ, ನೀರು ಒಂದ್ ಲೋಟ, ಒಂದ್ ಲೋಟ, ಒಂದ್ ಲೋಟ. ನಿಮ್ ಕಾಲೇಜಿನ ಕಕ್ಕಸ್ಸಿಗೆ ಎದ್ರಿ ನೀರು ಕುಡಿಯಾಕಿಲ್ಲ ಎಣ್ಮಕ್ಳು. ಅದ್ನ ಓದಿದ್ರಾ ಯಾರಾದ್ರೂ?"

ಪ್ರಿನ್ಸಿಪಾಲರು ಯಾರಿಗೋ ಸನ್ನೆ ಮಾಡಿ ಲಿಂಗರಾಜುವಿಗೆ ಫೋನ್ ಮಾಡಿಸಿದರು. ಅವನು ಬರುವ ಹೊತ್ತಿಗೆ ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಲೆಕ್ಚರರು "ತಪ್ಪಾಯ್ತು ಅಜ್ಜಿ" ಅಂದಿದ್ದರು. ಬಾಯಿ ತಪ್ಪಾಯ್ತು ಅನ್ನುತ್ತಿತ್ತು, ಕಣ್ಣು ಬಾಗಿಲ ಕಡೆಗಿತ್ತು. "ನಂಗ್ಯಾಕೆ ಏಳ್ತೀರಿ? ಅವ್ಳಿಗೇಳಿ. ಕ್ಲಾಸಲ್ಲಿ ಓದುದ್ರಿ, ಕ್ಲಾಸಲ್ಲೇ ಏಳಿ," ಎಂದು ಚಿಕ್ಕನಂಜಮ್ಮ ಅಲುಗಾಡದೆ ನಿಂತಿದ್ದಳು. ಪ್ರಿನ್ಸಿಪಾಲರು ಕೊನೆಗೆ ಆಗಲಿ ಅಂದರು.

ಲಿಂಗರಾಜು ಅವಳನ್ನು ತೋಳು ಹಿಡಿದು ಹೊರಗೆ ಕರೆತಂದ. ಗೇಟಿನ ಆಚೆ ಬೈಕಿನ ಹತ್ತಿರ ನಿಂತು ಹಲ್ಲು ಕಚ್ಚಿ ಹೇಳಿದ: "ನಾಕ್ ಜನ ಓದಿರೋರ್ ಮುಂದೆ ಇಂಗಾ ಕಿರ್ಚೋದು? ಅವ್ಳಿಗ್ ತಲ್ನೋವ್ ಬಂದ್ರೆ ನಿಂಗ್ಯಾಕೆ ಈ ಪಾಟಿ ಸಿಟ್ಟು?"

ಅವಳು ತೋಳು ಕೊಡವಿಕೊಂಡಳು.

"ಯಾಕಾ? ಕೇಳು. ನಂಗೂ ಇದೇ ಕಾಯ್ಲೆ ಇತ್ತು. ನೀನು ಅತ್ತು ತಿಂಗ್ಳ ಮಗ. ನಾನು ಏಳಾಕಾಗ್ದೆ ಬಿದ್ದಿದ್ದೆ. ಉಚ್ಚಿ ಅಂತ ಒರಗಾಕುದ್ರು ನನ್ನ. ನಿನ್ನ ಬುಟ್ಟು ಓದ್ಲು ಅಂತ ನಿಂಗೇಳವ್ರಲ್ಲ, ನಾನ್ ಬುಟ್ಟು ಓಗ್ಲಿಲ್ಲ ಕಣ್ಲಾ. ನನ್ ಮೊಲೆಯಿಂದ ಕಿತ್ಕೊಂಡ್ರು. ಎಲ್ಡು ವರ್ಸ ಆಲು ಕಟ್ಕೊಂಡು ಅತ್ತಿದ್ದೀನಿ. ನೆಪ ಅಂದ್ರು ನನ್ನ. ಈಗ ನೀನೂ ಅದೇ ಅಂತೀಯೆ ನಿನ್ ಮಗಳ್ನ. ನಿಮ್ಮಜ್ಜಿ ಬಾಯೇ ಬಂದು ನಿನ್ ಮೂತಿಗೆ ಅಂಟ್ಕೊಂಡದೆ."

ಲಿಂಗರಾಜು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ. ಆಮೇಲೆ, "ಗಾಡಿ ಅತ್ತವ್ವ, ಮನೆಗೆ ಬುಡ್ತೀನಿ," ಎಂದು ಬೈಕನ್ನು ತಿರುಗಿಸಿದ.

"ನಿನ್ ಗಾಡಿ ಬ್ಯಾಡ ನಂಗೆ," ಅಂದು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವನು ಬೈಕನ್ನು ತಳ್ಳಿಕೊಂಡು ಅವಳ ಹಿಂದೆ ಹಿಂದೆ ಬಂದ. ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದ. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಲೆಕ್ಚರರು ಎರಡು ದಿನ ಬಿಟ್ಟು ಕ್ಲಾಸಿನಲ್ಲಿ ಕ್ಷಮೆ ಕೇಳಿದರು. ಒಂದೇ ವಾಕ್ಯ, ಬೋರ್ಡಿನ ಕಡೆ ಮುಖ ಮಾಡಿಕೊಂಡು. ಹುಡುಗಿಯರ ಟಾಯ್ಲೆಟ್ಟಿಗೆ ಬೋಲ್ಟೂ ನಲ್ಲಿಯೂ ಬರಲು ದಸರಾ ಕಳೆಯಿತು. ಹುಡುಗರು 'ಎರಡನೇ ದಿನ' ಎನ್ನುವುದನ್ನು ಪೂರ್ತಿ ಬಿಡಲಿಲ್ಲ. ದೀಪಿಕ ಒಂದು ವಾರ ಮನೆಯಲ್ಲೇ ಕೂತಳು, ಪೆನ್ನು ಮುಟ್ಟಲಿಲ್ಲ. ಆ ವಾರವೆಲ್ಲ ಚಿಕ್ಕನಂಜಮ್ಮ ಹೊಸ ನೋಟ್‌ಬುಕ್ಕಿನಲ್ಲಿ ತಾನೇ ಬರೆದಳು, ಹುಡುಗಿಯನ್ನು ಕೇಳದೆ, ಬಾಗಿಲಿಂದಲೇ ಮುಖ ನೋಡಿ. ಎಂಟನೇ ದಿನ ದೀಪಿಕ ಅದನ್ನು ತೆಗೆದು ನೋಡಿ, "ಇದು ಆರಲ್ಲ ಅಜ್ಜಿ, ಒಂಬತ್ತು," ಎಂದು ಹೊಡೆದು ತಿದ್ದಿದಳು. ಅಲ್ಲಿಂದ ಮುಂದೆ ಅವಳೇ ಬರೆದುಕೊಂಡಳು, ಸೋಮವಾರದಿಂದ ಕಾಲೇಜಿಗೂ ಹೋದಳು.

ಮೂರು ತಿಂಗಳು ತುಂಬಿದ ಮೇಲೆ ಡಾಕ್ಟ್ರಮ್ಮ ಸುಟ್ಟುಳಿದ ಹಾಳೆಗಳನ್ನೂ ಹೊಸ ಪುಸ್ತಕವನ್ನೂ ನಿಧಾನವಾಗಿ ಓದಿದರು. ಮೈಗ್ರೇನೇ ಎಂದು ಖಾತ್ರಿ ಮಾಡಿದರು. ನೋವು ಏರುವ ಮುಂಚೆಯೇ ನುಂಗಲು ಒಂದು ಮಾತ್ರೆ ಬರೆದುಕೊಟ್ಟು, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನುಂಗಬೇಡ ಅಂದರು. ಹೊಟ್ಟೆಗೆ ಬಿದ್ದೇ ಬಸ್ಸು ಹತ್ತಬೇಕು, ನಿದ್ದೆ ಕೆಡಬಾರದು, ನೀರು ಕುಡಿಯಬೇಕು. ಹೊರಡುವಾಗ ಚಿಕ್ಕನಂಜಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ನಂಗೆ ಆಗ ಬಂದಿತ್ತಲ್ಲವ್ವ, ಆಗ್ಲೂ ಇತ್ತಾ ಮಾತ್ರೆ?"

ಡಾಕ್ಟ್ರಮ್ಮ ಸುಳ್ಳು ಹೇಳಲಿಲ್ಲ. "ಇಷ್ಟು ಒಳ್ಳೇದಿರಲಿಲ್ಲ ಅಜ್ಜಿ. ಆದರೆ ಆಗಲೂ ಇದ್ವು. ಸ್ವಲ್ಪವಾದ್ರೂ ಕಮ್ಮಿ ಆಗ್ತಿತ್ತು."

ಇರಲಿಲ್ಲ ಅಂದಿದ್ದರೆ ಚೆನ್ನಾಗಿತ್ತು. ಮಳವಳ್ಳಿಯಲ್ಲಿ ಆಸ್ಪತ್ರೆ ಇತ್ತು, ಮಂಡ್ಯಕ್ಕೆ ಬಸ್ಸಿತ್ತು. ಅರಿಶಿನದ ಕೊಂಬು ಕಾಯಿಸುವವನನ್ನು ಪಕ್ಕದೂರಿಂದ ಕರೆಸಲು ಜನರಿದ್ದರು. ಬಸ್ಸು ಹತ್ತಿಸಲು ಮಾತ್ರ ಒಬ್ಬರೂ ಇರಲಿಲ್ಲ. ಆ ಸಂಜೆ ಎಮ್ಮೆ ಕರೆಯುವಾಗ ಅವಳ ಕೈ ಎಷ್ಟು ಬಿಗಿಯಾಗಿತ್ತೆಂದರೆ ಎಮ್ಮೆ ಒದ್ದು ಕ್ಯಾನು ಉರುಳಿಸಿತು.

ತಿಂಗಳಿಗೆ ಒಂಬತ್ತು ಸಲ ಬರುತ್ತಿದ್ದ ನೋವು ಮೂರು, ನಾಲ್ಕಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಮಾರ್ಚಿನ ಪರೀಕ್ಷೆಯಲ್ಲಿ ಗಣಿತದ ದಿನವೇ ಬಂತು. ದೀಪಿಕ ಶುರುವಾಗುತ್ತಲೇ ಮಾತ್ರೆ ನುಂಗಿ, ಅರ್ಧ ಗಂಟೆ ಡೆಸ್ಕಿನ ಮೇಲೆ ತಲೆಯಿಟ್ಟು, ಉಳಿದ ಹೊತ್ತಿನಲ್ಲಿ ಬರೆದಳು. ಅರವತ್ತೊಂದು ಬಂತು.

ರಿಸಲ್ಟು ಬಂದ ವಾರ ಮಳವಳ್ಳಿಯಿಂದ ಪುಷ್ಪಾಳ ಅಣ್ಣನ ಮನೆಯವರು ಬಂದಿದ್ದರು. ಊಟವಾದ ಮೇಲೆ ನಡುಮನೆಯಲ್ಲಿ ಮಾರ್ಕ್ಸಿನ ಮಾತು ಬಂತು. ಗಣಿತದಲ್ಲಿ ಯಾಕೆ ಕಡಿಮೆ ಎಂದು ಯಾರೋ ಕೇಳಿದರು. ಲಿಂಗರಾಜು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಲ್ಲ ತಿಳಿದವನ ಹಾಗೆ ಹೇಳಿದ: "ಅವ್ಳಿಗೆ ಮೈಗ್ರೇನ್ ಅದೆ. ಅದು ಕಾಯ್ಲೆ, ನೆಪ ಅಲ್ಲ. ಜನಕ್ಕೆ ಗೊತ್ತಾಗಕಿಲ್ಲ. ನಾವು ಮೊದ್ಲಿಂದ್ಲೂ ಬರ್ದು ಮಡಗಿದ್ದೀವಿ."

ಹಿತ್ತಲ ಬಾಗಿಲಲ್ಲಿದ್ದ ಚಿಕ್ಕನಂಜಮ್ಮ ಕೇಳಿಸಿಕೊಂಡಳು. "ನಾವಾ?" ಅಂದಳು, ನೆಂಟರಿಗೆಲ್ಲ ಕೇಳುವ ಹಾಗೆ. "ಬರ್ದೋರು ಅವ್ಳೂ ನಾನೂ. ನೆಪ ಅಂದೋನು ನೀನು. ಅದ್ನೂ ಏಳು ಅವ್ರಿಗೆ."

ಲಿಂಗರಾಜು ನೆಲ ನೋಡಿದ. ಆಮೇಲೆ, "ಊಂ, ನಾನೇ ಅಂದಿದ್ದು," ಎಂದ, ಮೆಲ್ಲಗೆ.

ಎಮ್ಮೆಗಳಿಗೆ ನೀರು ತೋರಿಸುವ ಹೊತ್ತಾಗಿತ್ತು, ಚಿಕ್ಕನಂಜಮ್ಮ ಬಕೆಟ್ಟು ತೆಗೆದುಕೊಂಡು ತೊಟ್ಟಿಯ ಕಡೆ ನಡೆದಳು.